ಹಸುಳೆಯ ಶ್ವಾಸನಾಳಕ್ಕೆ ನಳಿಕೆ: ದೇಹದ ಮೇಲಾಗುವ ಪರಿಣಾಮಗಳು

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ತಮ್ಮ ಮಗುವನ್ನು ಮೊದಲ ಬಾರಿಗೆ ಕಾಣುವ ತಂದೆತಾಯಿಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಂಗೆಡಿಸುವುದು ಅಲ್ಲಿರುವ ಯಂತ್ರಗಳಲ್ಲ. ಮಗು ಮುಖ ಕಿವುಚುತ್ತದೆ, ಬಾಯಿ ತೆರೆಯುತ್ತದೆ, ಕೈಕಾಲು ಆಡಿಸುತ್ತದೆ. ಕಣ್ಣಂಚಿನಲ್ಲಿ ನೀರು ಕೂಡ ಕಾಣಬಹುದು. ಆದರೆ ಅಳು ಕೇಳಿಸುವುದಿಲ್ಲ. ಮಗುವಿಗೆ ದನಿ ಹೋಯಿತೆಂದು ತಾಯಿ ಗಾಬರಿಯಾಗುವುದು ಸಹಜ. ವಾಸ್ತವವಾಗಿ ಮಗುವಿನ ದನಿ ಎಲ್ಲಿಗೂ ಹೋಗಿರುವುದಿಲ್ಲ. ಬಾಯಿಯ ಮೂಲಕವೋ ಮೂಗಿನ ಮೂಲಕವೋ ಇಳಿಸಿರುವ ತೆಳುವಾದ ನಳಿಕೆಯೊಂದು ಧ್ವನಿತಂತುಗಳ ನಡುವೆ ಹಾದು ಶ್ವಾಸನಾಳವನ್ನು ಸೇರಿರುತ್ತದೆ. ಉಸಿರು ಧ್ವನಿತಂತುಗಳನ್ನು ಮುಟ್ಟದೆ ನಳಿಕೆಯೊಳಗಿಂದಲೇ ಹೋಗಿ ಬರುತ್ತದೆ. ಉಸಿರು ತಾಗದೆ ತಂತುಗಳು ಕಂಪಿಸವು, ಕಂಪಿಸದೆ ಸದ್ದು ಹುಟ್ಟದು.

ತಾನಾಗಿ ಉಸಿರಾಡಲಾರದ ಅಥವಾ ಉಸಿರಾಡಿ ದಣಿದಿರುವ ಶಿಶುವಿಗೆ ಈ ನಳಿಕೆ ಪ್ರಾಣಾಧಾರವಾಗಿದೆ. ಆದರೆ ಅದನ್ನು ಇಳಿಸುವ ಕ್ರಿಯೆಯಾಗಲಿ, ಅದು ಒಳಗಿರುವ ಅವಧಿಯಾಗಲಿ ದೇಹದ ಮೇಲೆ ಪರಿಣಾಮ ಬೀರದೆ ಇರುವುದಿಲ್ಲ. ಹೃದಯದ ಬಡಿತ, ರಕ್ತದ ಒತ್ತಡ, ಮೆದುಳಿನ ರಕ್ತಸಂಚಾರ, ಶ್ವಾಸಕೋಶಗಳ ಒಳಸ್ಥಿತಿ ಎಲ್ಲವೂ ಇದರಿಂದ ವ್ಯತ್ಯಾಸಗೊಳ್ಳುತ್ತವೆ. ಒಪ್ಪಿಗೆ ಪತ್ರಕ್ಕೆ ಅವಸರದಲ್ಲಿ ಸಹಿ ಹಾಕುವ ಪೋಷಕರಿಗೆ ಈ ಸಂಗತಿಗಳನ್ನು ವಿವರಿಸುವಷ್ಟು ಸಮಯ ಆ ಗಳಿಗೆಯಲ್ಲಿ ವೈದ್ಯರಿಗೆ ಸಿಗುವುದು ಅಪರೂಪ. ಆದ್ದರಿಂದ ಮುಂಚಿತವಾಗಿಯೇ ಅವುಗಳನ್ನು ತಿಳಿದಿರುವುದು ಉಪಯುಕ್ತ.

ದೊಡ್ಡವರ ಚಿಕ್ಕ ಪ್ರತಿಯಲ್ಲ

ಹಸುಳೆಯ ಉಸಿರಾಟದ ಮಾರ್ಗವು ದೊಡ್ಡವರ ಮಾರ್ಗದ ಕಿರಿದಾದ ಪ್ರತಿಯೆಂದು ಭಾವಿಸುವುದು ತಪ್ಪು. ಅದರ ರಚನೆಯೇ ಬೇರೆ. ಬಾಯಿಯ ಅಳತೆಗೆ ಹೋಲಿಸಿದರೆ ನಾಲಗೆ ದೊಡ್ಡದು. ಧ್ವನಿಪೆಟ್ಟಿಗೆ ಕುತ್ತಿಗೆಯಲ್ಲಿ ದೊಡ್ಡವರಿಗಿಂತ ಮೇಲ್ಭಾಗದಲ್ಲಿ, ಮುಂದಕ್ಕೆ ಬಾಗಿದಂತೆ ಇರುತ್ತದೆ. ಆಹಾರ ಶ್ವಾಸನಾಳಕ್ಕೆ ಇಳಿಯದಂತೆ ತಡೆಯುವ ಮುಚ್ಚಳದಂಥ ಭಾಗವು ಉದ್ದವಾಗಿಯೂ ಮೆತ್ತಗೂ ಇದ್ದು ದಾರಿಗೆ ಅಡ್ಡ ಬರುತ್ತದೆ. ತಲೆಯ ಹಿಂಭಾಗ ದಪ್ಪವಾಗಿರುವುದರಿಂದ ಅಂಗಾತ ಮಲಗಿಸಿದೊಡನೆ ಗದ್ದ ಎದೆಯ ಕಡೆಗೆ ಬಾಗಿ ಉಸಿರಿನ ಹಾದಿ ಮಡಿಚಿಕೊಳ್ಳುತ್ತದೆ. ಭುಜದ ಕೆಳಗೆ ಬಟ್ಟೆಯ ಸಣ್ಣ ಸುರುಳಿಯೊಂದನ್ನು ಇಡುವುದು ಇದೇ ಕಾರಣಕ್ಕಾಗಿ.

ಪೂರ್ಣಾವಧಿಯಲ್ಲಿ ಜನಿಸಿದ ಮಗುವಿನ ಶ್ವಾಸನಾಳದ ಉದ್ದ ಸುಮಾರು 4ರಿಂದ 5 ಸೆಂಟಿಮೀಟರ್; ಎಂದರೆ ದೊಡ್ಡವರ ಕಿರುಬೆರಳಿಗಿಂತ ಕಡಿಮೆ. ಅದರ ಒಳಗಿನ ಅಗಲವನ್ನು ಮಿಲಿಮೀಟರುಗಳಲ್ಲಿ ಎಣಿಸಬೇಕು. ಈ ಕಿರಿದಾದ ಅಳತೆಯ ಪರಿಣಾಮ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಹಳ ದೊಡ್ಡದು. ಶ್ವಾಸನಾಳದ ಒಳಪದರ ಸುತ್ತಲೂ ಕೇವಲ 1 ಮಿಲಿಮೀಟರ್ ಊದಿಕೊಂಡಿತೆಂದು ಭಾವಿಸೋಣ. ಒಳಗಿನ ಅಗಲ 8 ಮಿಲಿಮೀಟರ್ ಇರುವ ನಾಳದಲ್ಲಿ ಅದು 6ಕ್ಕೆ ಇಳಿಯುತ್ತದೆ, ಗಾಳಿಯ ಹರಿವಿಗೆ ಅಡಚಣೆ ಸುಮಾರು ಮೂರು ಪಟ್ಟಾಗುತ್ತದೆ. ಅದೇ 4 ಮಿಲಿಮೀಟರ್ ಅಗಲದ ಹಸುಳೆಯ ನಾಳ 2ಕ್ಕೆ ಇಳಿದಾಗ ಅಡಚಣೆ ಹದಿನಾರು ಪಟ್ಟಾಗುತ್ತದೆ. ನಾಳದ ತ್ರಿಜ್ಯ ಅರ್ಧವಾದರೆ ಅಡಚಣೆ ಅದರ ನಾಲ್ಕನೆಯ ಘಾತದಂತೆ ಏರುವುದೇ ಇದಕ್ಕೆ ಕಾರಣ. ದೊಡ್ಡವರಿಗೆ ಗಂಟಲು ಕಟ್ಟುವಷ್ಟರ ಊತವೇ ಹಸುಳೆಯ ಪ್ರಾಣಕ್ಕೆ ಎರವಾಗಬಲ್ಲದು.

ಇನ್ನೊಂದು ವ್ಯತ್ಯಾಸ ಪ್ರಾಣವಾಯುವಿನ ಆಯವ್ಯಯಕ್ಕೆ ಸಂಬಂಧಿಸಿದ್ದು. ದೊಡ್ಡವರು ತಮ್ಮ ತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ 3ರಿಂದ 4 ಮಿಲಿಲೀಟರ್ ಆಮ್ಲಜನಕವನ್ನು ವ್ಯಯಿಸಿದರೆ ನವಜಾತ ಶಿಶು 6ರಿಂದ 8 ಮಿಲಿಲೀಟರ್ ವ್ಯಯಿಸುತ್ತದೆ. ಖರ್ಚು ಇಮ್ಮಡಿ, ಕೂಡಿಟ್ಟದ್ದು ಮಾತ್ರ ಅಲ್ಪ. ಮಗುವಿನ ಎದೆಗೂಡು ಮೆತ್ತಗಿರುವುದರಿಂದ ಉಸಿರು ಬಿಟ್ಟ ನಂತರ ಶ್ವಾಸಕೋಶಗಳಲ್ಲಿ ಗಾಳಿ ಉಳಿಯುವ ಏರ್ಪಾಡು ದುರ್ಬಲ. ಆರೋಗ್ಯವಂತ ವಯಸ್ಕನು ಶುದ್ಧ ಆಮ್ಲಜನಕ ಸೇವಿಸಿದ ಬಳಿಕ ಕೆಲವು ನಿಮಿಷ ಉಸಿರು ನಿಂತರೂ ತಾಳಿಕೊಳ್ಳಬಲ್ಲನು. ಕಾಯಿಲೆಯ ಹಸುಳೆಗೆ ಅಂಥ ಗಡುವು ಕೆಲವು ಸೆಕೆಂಡುಗಳಷ್ಟೇ.

ಗಂಟಲಮಾರಿಯಿಂದ ಆರಂಭವಾದ ಕಥೆ

ಮಕ್ಕಳ ಶ್ವಾಸನಾಳಕ್ಕೆ ನಳಿಕೆ ಹಾಕುವ ಪದ್ಧತಿ ವ್ಯಾಪಕವಾಗಿ ಬಳಕೆಗೆ ಬಂದದ್ದು ಗಂಟಲಮಾರಿ ಅಥವಾ ಡಿಫ್ತೀರಿಯಾ ರೋಗದಿಂದಾಗಿ. ಈ ರೋಗದಲ್ಲಿ ಗಂಟಲಿನೊಳಗೆ ಬೂದು ಬಣ್ಣದ ಪೊರೆ ಬೆಳೆದು ಉಸಿರು ಕಟ್ಟುತ್ತದೆ. 1880ರ ದಶಕದಲ್ಲಿ ನ್ಯೂಯಾರ್ಕಿನ ಅನಾಥ ಶಿಶುಗಳ ಆಶ್ರಯಧಾಮದಲ್ಲಿದ್ದ ಜೋಸೆಫ್ ಓಡ್ವಯರ್ ಎಂಬ ವೈದ್ಯರು ಕುತ್ತಿಗೆಯನ್ನು ಕೊಯ್ಯದೆ, ಬಾಯಿಯ ಮೂಲಕವೇ ಧ್ವನಿಪೆಟ್ಟಿಗೆಯೊಳಗೆ ಲೋಹದ ಪುಟ್ಟ ನಳಿಕೆಯನ್ನು ಕೂರಿಸುವ ವಿಧಾನವನ್ನು ರೂಪಿಸಿದರು. ಲ್ಯಾರಿಂಗೋಸ್ಕೋಪಿನ ಬೆಳಕಿಲ್ಲದೆ, ಬೆರಳಿನ ಸ್ಪರ್ಶವೊಂದನ್ನೇ ನೆಚ್ಚಿ ಮಾಡುತ್ತಿದ್ದ ಕೆಲಸವದು. ಮುಂದಿನ ದಶಕದಲ್ಲಿ ಗಂಟಲಮಾರಿಯ ವಿಷವನ್ನು ಪರಿಹರಿಸುವ ಮದ್ದೂ ಆಮೇಲೆ ಲಸಿಕೆಯೂ ಬಂದವು. ನಳಿಕೆಯ ಅಗತ್ಯ ಕಡಿಮೆಯಾಯಿತು.

ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಮಗುವಿಗೆ 6, 10 ಮತ್ತು 14 ವಾರಗಳಾದಾಗ ನೀಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಗಂಟಲಮಾರಿಯ ವಿರುದ್ಧದ ಅಂಶವೂ ಸೇರಿದೆ. ಒಂದೂವರೆ ವರ್ಷದ ಸುಮಾರಿಗೆ ಮತ್ತು ಐದು ವರ್ಷ ಮೀರಿದ ಮೇಲೆ ವರ್ಧಕ ಲಸಿಕೆಗಳನ್ನು ಹಾಕಿಸಬೇಕು. ಇವನ್ನು ಮರೆತ ಊರುಗಳಲ್ಲಿ ಗಂಟಲಮಾರಿ ಇಂದಿಗೂ ಮರಳಿ ತಲೆಯೆತ್ತುತ್ತದೆ.

ನವಜಾತ ಶಿಶುಗಳ ಮಟ್ಟಿಗೆ ಇತಿಹಾಸ ತೀರ ಇತ್ತೀಚಿನದು. 1963ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಅವಧಿಗೆ ಮುನ್ನ ಗಂಡುಮಗು ಹುಟ್ಟಿತು. ಸುಮಾರು 2.1 ಕಿಲೋಗ್ರಾಂ ತೂಗುತ್ತಿದ್ದ ಆ ಮಗು ಶ್ವಾಸಕೋಶಗಳು ಬಲಿಯದೆ ಉಸಿರಾಟದ ತೊಂದರೆಗೆ ಒಳಗಾಗಿ 39 ಗಂಟೆಗಳಲ್ಲಿ ತೀರಿಕೊಂಡಿತು. ಅಂಥ ಹಸುಳೆಗಳಿಗೆ ನಳಿಕೆಯ ಮೂಲಕ ಯಂತ್ರದಿಂದ ಉಸಿರು ಕೊಡುವ ಚಿಕಿತ್ಸೆ ಅಂದು ಇನ್ನೂ ಎಳವೆಯಲ್ಲಿತ್ತು. 1965ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ವೈದ್ಯರು ಮೃದುವಾದ ಪ್ಲಾಸ್ಟಿಕ್ ನಳಿಕೆಯನ್ನು ಮೂಗಿನ ಮೂಲಕ ಇಳಿಸಿ ಮಕ್ಕಳಲ್ಲಿ ದಿನಗಟ್ಟಲೆ ಇರಿಸಬಹುದೆಂದು ವರದಿ ಮಾಡಿದರು. 1980ರಲ್ಲಿ ಜಪಾನಿನ ಫುಜಿವಾರಾ ಮತ್ತು ಅವರ ಸಂಗಡಿಗರು ಸರ್ಫ್ಯಾಕ್ಟಂಟ್ ಎಂಬ ದ್ರವವನ್ನು ನಳಿಕೆಯ ಮೂಲಕ ಹತ್ತು ಹಸುಳೆಗಳ ಶ್ವಾಸಕೋಶಗಳಿಗೆ ಹನಿಸಿ ಉತ್ತಮ ಫಲ ಕಂಡರು. ಇಂದು ಅದೇ ತೂಕದ, ಅದೇ ತೊಂದರೆಯ ಮಗು ಸುಸಜ್ಜಿತ ಆಸ್ಪತ್ರೆಯಲ್ಲಿದ್ದರೆ ಸಾಮಾನ್ಯವಾಗಿ ಬದುಕುಳಿಯುತ್ತದೆ.

ನಳಿಕೆ ಇಳಿಯುವ ಅರ್ಧ ನಿಮಿಷ

ವೈದ್ಯರು ಎಡಗೈಯಲ್ಲಿ ನೇರವಾದ ಅಲಗುಳ್ಳ ಲ್ಯಾರಿಂಗೋಸ್ಕೋಪ್ ಹಿಡಿದು, ನಾಲಗೆಯನ್ನು ಬದಿಗೆ ಸರಿಸಿ, ಧ್ವನಿತಂತುಗಳನ್ನು ಕಣ್ಣಾರೆ ಕಂಡು ನಳಿಕೆಯನ್ನು ಇಳಿಸುತ್ತಾರೆ. ಒಂದು ಪ್ರಯತ್ನಕ್ಕೆ 30 ಸೆಕೆಂಡುಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಅಷ್ಟರಲ್ಲಿ ಆಗದಿದ್ದರೆ ನಳಿಕೆಯ ಆಸೆ ಬಿಟ್ಟು ಮುಖವಾಡದ ಮೂಲಕ ಗಾಳಿ ಒತ್ತಿ ಮಗುವನ್ನು ಚೇತರಿಸಿಕೊಳ್ಳಲು ಬಿಟ್ಟು ಮತ್ತೆ ಯತ್ನಿಸಬೇಕು. ಪದೇ ಪದೇ ಮಾಡುವ ಪ್ರಯತ್ನಗಳೇ ಹೆಚ್ಚಿನ ಹಾನಿಗೆ ಕಾರಣ.

ಈ ಅಲ್ಪಾವಧಿಯಲ್ಲಿ ಮಗುವಿನ ದೇಹದಲ್ಲಿ ಹಲವು ಘಟನೆಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಗಂಟಲಿನ ಹಿಂಭಾಗ ಮತ್ತು ಧ್ವನಿಪೆಟ್ಟಿಗೆಗಳಿಗೆ ವೇಗಸ್ ಎಂಬ ನರದ ಕವಲುಗಳು ಹಬ್ಬಿವೆ. ಅಲ್ಲಿ ಲೋಹದ ಅಲಗು ತಾಗಿದೊಡನೆ ಆ ನರ ಕೆರಳಿ ಹೃದಯದ ಬಡಿತವನ್ನು ಹಠಾತ್ತನೆ ತಗ್ಗಿಸುತ್ತದೆ. ನವಜಾತ ಶಿಶುವಿನ ಹೃದಯ ನಿಮಿಷಕ್ಕೆ 120ರಿಂದ 160 ಸಲ ಮಿಡಿಯುವುದು ಸಹಜ. ಅದು 100ಕ್ಕಿಂತ ಕೆಳಗೆ ಇಳಿಯುವುದು ಅಪಾಯದ ಸೂಚನೆ. ದೊಡ್ಡವರ ಹೃದಯ ಪ್ರತಿ ಮಿಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣವನ್ನು ಅಗತ್ಯಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಬಲ್ಲದು. ಹಸುಳೆಯ ಹೃದಯಕ್ಕೆ ಆ ಸಾಮರ್ಥ್ಯ ಕಡಿಮೆ. ಬಡಿತ ತಗ್ಗಿದರೆ ರಕ್ತದ ಪೂರೈಕೆಯೂ ತಗ್ಗುತ್ತದೆ. ಇದರ ಜೊತೆಗೆ ಉಸಿರಾಟ ನಿಂತು ಆಮ್ಲಜನಕದ ಮಟ್ಟ ಇಳಿಯತೊಡಗುತ್ತದೆ. ಆ ಕೊರತೆಯೂ ಹೃದಯವನ್ನು ಮತ್ತಷ್ಟು ನಿಧಾನಗೊಳಿಸುತ್ತದೆ. ಹೀಗೆ ಎರಡು ಕಾರಣಗಳು ಒಂದನ್ನೊಂದು ಬಲಪಡಿಸುತ್ತವೆ. ಮಾನಿಟರಿನ ಸದ್ದು ನಿಧಾನವಾದಾಗ ದಾದಿಯರು ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸುವುದನ್ನು ಕೇಳಿ ಹೊರಗಿನವರು ಭಯಪಡಬಹುದು. ಅದು ಭಯದ ಸಂಕೇತವಲ್ಲ, ಶಿಸ್ತಿನ ಸಂಕೇತ.

ಮೂರನೆಯ ಪರಿಣಾಮ ಮೆದುಳಿಗೆ ಸಂಬಂಧಿಸಿದ್ದು. ಅರಿವಳಿಕೆ ಇಲ್ಲದೆ ನಳಿಕೆ ಹಾಕಿದಾಗ ಮಗು ಪ್ರತಿಭಟಿಸುತ್ತದೆ, ಮುಕ್ಕರಿಸುತ್ತದೆ. ರಕ್ತದ ಒತ್ತಡ ಏರುತ್ತದೆ. ತಲೆಬುರುಡೆಯೊಳಗಿನ ಒತ್ತಡವೂ ಏರುತ್ತದೆ. ಪೂರ್ಣಾವಧಿಯ ಮಗು ಇದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಆದರೆ 32 ವಾರಗಳಿಗೂ ಮುನ್ನ ಹುಟ್ಟಿದ ಹಸುಳೆಗಳ ಮೆದುಳಿನ ನಡುವಿನ ಕುಳಿಗಳ ಅಂಚಿನಲ್ಲಿ ಇನ್ನೂ ಬಲಿಯದ, ತೀರ ಸೂಕ್ಷ್ಮವಾದ ರಕ್ತನಾಳಗಳ ಜಾಲವಿರುತ್ತದೆ. ಒತ್ತಡದ ಏರಿಳಿತಕ್ಕೆ ಅವು ಒಡೆದು ರಕ್ತಸ್ರಾವವಾಗುವ ಸಂಭವವಿದೆ. ಇಂಥ ರಕ್ತಸ್ರಾವಗಳಲ್ಲಿ ಹೆಚ್ಚಿನವು ಹುಟ್ಟಿದ ಮೊದಲ ಮೂರು ದಿನಗಳಲ್ಲೇ ಸಂಭವಿಸುತ್ತವೆ. ನಳಿಕೆ ಹಾಕುವ ಅಗತ್ಯ ಅತಿ ಹೆಚ್ಚಾಗಿ ಬೀಳುವುದೂ ಆ ದಿನಗಳಲ್ಲೇ ಎಂಬುದು ಗಮನಾರ್ಹ.

ಶಿಶುವಿಗೆ ನೋವಿಲ್ಲವೆಂಬ ತಪ್ಪು ಕಲ್ಪನೆ

ಹಸುಗೂಸುಗಳ ನರಮಂಡಲ ಬಲಿತಿರುವುದಿಲ್ಲ, ಆದ್ದರಿಂದ ಅವುಗಳಿಗೆ ನೋವಿನ ಅರಿವಿಲ್ಲ ಎಂಬ ನಂಬಿಕೆ ವೈದ್ಯಲೋಕದಲ್ಲಿಯೇ 1980ರ ದಶಕದವರೆಗೂ ಬೇರೂರಿತ್ತು. ಶಸ್ತ್ರಚಿಕಿತ್ಸೆಯನ್ನು ಕೂಡ ಅತ್ಯಲ್ಪ ಅರಿವಳಿಕೆಯಲ್ಲಿ ಮಾಡುತ್ತಿದ್ದರು. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಆಕ್ಸ್‌ಫರ್ಡಿಗೆ ತೆರಳಿದ ಕನ್ವಲ್‌ಜೀತ್ ಆನಂದ್ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ನಂಬಿಕೆಯನ್ನು ಬುಡಮೇಲು ಮಾಡಿದವು. ನೋವಿಗೆ ಒಳಗಾದ ಅವಧಿಪೂರ್ವ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಏರುತ್ತವೆ, ಸಾಕಷ್ಟು ಅರಿವಳಿಕೆ ನೀಡಿದರೆ ಆ ಏರಿಕೆ ಕುಗ್ಗುತ್ತದೆ ಎಂದು ಅವರು ತೋರಿಸಿಕೊಟ್ಟರು. ತಾಯಂದಿರು ಎಂದಿನಿಂದಲೂ ಬಲ್ಲ ಸಂಗತಿಯನ್ನು ಒಪ್ಪಿಕೊಳ್ಳಲು ವಿಜ್ಞಾನಕ್ಕೆ ಇಷ್ಟು ಕಾಲ ಬೇಕಾಯಿತು.

ಅದರ ಫಲವಾಗಿ ಈಗ ತುರ್ತು ಸಂದರ್ಭಗಳನ್ನು ಬಿಟ್ಟು ಉಳಿದೆಡೆ ನಳಿಕೆ ಹಾಕುವ ಮುನ್ನ ಔಷಧಗಳನ್ನು ಕೊಡುವ ಪದ್ಧತಿಯಿದೆ. ಹೃದಯಬಡಿತ ತಗ್ಗದಂತೆ ಅಟ್ರೋಪಿನ್, ನೋವು ತಡೆಯಲು ಫೆಂಟನಿಲ್‌ನಂಥ ಔಷಧ, ಬೇಕಾದಲ್ಲಿ ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲಿಸುವ ಮದ್ದು, ಹೀಗೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಇದನ್ನು ಸ್ಪಷ್ಟವಾಗಿ ಶಿಫಾರಸು ಮಾಡಿತು. ಆದರೆ ಹುಟ್ಟಿದೊಡನೆ ಉಸಿರಾಡದ ಮಗುವಿಗೆ ಹೆರಿಗೆ ಕೋಣೆಯಲ್ಲೇ ನಳಿಕೆ ಹಾಕಬೇಕಾದಾಗ ಔಷಧಕ್ಕಾಗಿ ಕಾಯುವುದು ಸಾಧ್ಯವಿಲ್ಲ. ಆ ವ್ಯತ್ಯಾಸವನ್ನು ಪೋಷಕರು ಅರಿತಿರಬೇಕು.

ನಳಿಕೆ ಒಳಗಿರುವಾಗ

ಉಸಿರಾಟದ ತೊಂದರೆಯಿಂದ ಬಳಲುವ ಅವಧಿಪೂರ್ವ ಶಿಶು ಪ್ರತಿ ಉಸಿರಿಗೂ ನರಳಿದಂತೆ ಸದ್ದು ಮಾಡುವುದನ್ನು ಹಲವರು ಕೇಳಿರಬಹುದು. ಅದು ಬರಿಯ ನರಳಾಟವಲ್ಲ. ಶ್ವಾಸಕೋಶಗಳ ಗಾಳಿಚೀಲಗಳು ಉಸಿರು ಬಿಟ್ಟೊಡನೆ ಕುಸಿದು ಅಂಟಿಕೊಳ್ಳದಂತೆ ಮಗು ತನ್ನ ಧ್ವನಿತಂತುಗಳನ್ನು ಅರ್ಧ ಮುಚ್ಚಿ, ಒಳಗೆ ಒಂದಿಷ್ಟು ಒತ್ತಡವನ್ನು ಹಿಡಿದಿಡುತ್ತದೆ. ಆ ಪ್ರಯತ್ನದ ಸದ್ದೇ ಅದು. ಪ್ರಕೃತಿ ಕಲಿಸಿದ ಈ ಉಪಾಯವನ್ನು ನಳಿಕೆ ಕಸಿದುಕೊಳ್ಳುತ್ತದೆ, ಏಕೆಂದರೆ ನಡುವೆ ನಳಿಕೆಯಿರುವಾಗ ತಂತುಗಳು ಕೂಡಿಕೊಳ್ಳಲಾರವು. ಆದ್ದರಿಂದಲೇ ಉಸಿರು ಬಿಡುವ ಹೊತ್ತಿನಲ್ಲೂ ತುಸು ಒತ್ತಡ ಉಳಿಯುವಂತೆ ಯಂತ್ರವನ್ನು ಹೊಂದಿಸುತ್ತಾರೆ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು, ತಾನೇ ಉಸಿರಾಡುವ ಮಗುವಿಗೂ ಇಂಥ ನಿರಂತರ ಒತ್ತಡವನ್ನು ಕೊಟ್ಟು ಬದುಕಿಸಬಹುದೆಂದು ತೋರಿಸಿದ್ದು ಈ ನರಳಿಕೆಯ ಅರ್ಥವನ್ನು ಗ್ರಹಿಸಿದ್ದರ ಫಲ.

ಮೂಗು ಮತ್ತು ಗಂಟಲುಗಳು ನಾವು ಎಳೆದುಕೊಳ್ಳುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ಸೋಸಿ ಒಳಗೆ ಕಳುಹಿಸುತ್ತವೆ. ನಳಿಕೆಯು ಈ ಹಾದಿಯನ್ನು ಬಳಸದೆ ನೇರವಾಗಿ ಗಾಳಿಯನ್ನು ಇಳಿಸುವುದರಿಂದ ಆ ಕೆಲಸವನ್ನೂ ಯಂತ್ರವೇ ಮಾಡಬೇಕು. ಒಣ ಗಾಳಿ ಹೋದರೆ ಶ್ವಾಸನಾಳದ ಒಳಪದರದಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ನಿಷ್ಕ್ರಿಯವಾಗಿ, ಕಫ ಗಟ್ಟಿಯಾಗಿ, 3 ಮಿಲಿಮೀಟರಿನ ನಳಿಕೆ ಮುಚ್ಚಿಹೋದೀತು. ಪರಿಣಾಮಕಾರಿಯಾಗಿ ಕೆಮ್ಮಲೂ ಮಗುವಿಗೆ ಆಗದು. ದಾದಿಯರು ಆಗಾಗ ಕಫವನ್ನು ಹೀರಿ ತೆಗೆಯುವುದು ಇದಕ್ಕಾಗಿ. ಈ ಹೀರುವಿಕೆಯೂ ಅಲ್ಪಕಾಲ ಆಮ್ಲಜನಕದ ಮಟ್ಟವನ್ನು ತಗ್ಗಿಸುವುದರಿಂದ ಗಡಿಯಾರ ನೋಡಿ ಮಾಡದೆ ಅಗತ್ಯ ಕಂಡಾಗ ಮಾತ್ರ ಮಾಡುವುದು ಇಂದಿನ ರೂಢಿ.

ಸಹಜವಾದ ಉಸಿರಾಟದಲ್ಲಿ ಎದೆಯು ಹಿಗ್ಗಿ ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಆ ಸೆಳೆತವೇ ರಕ್ತವನ್ನೂ ಹೃದಯದ ಕಡೆಗೆ ಎಳೆಯಲು ನೆರವಾಗುತ್ತದೆ. ಯಂತ್ರ ಗಾಳಿಯನ್ನು ಸೆಳೆಯುವುದಿಲ್ಲ, ದೂಡುತ್ತದೆ. ಎದೆಯೊಳಗಿನ ಒತ್ತಡ ಹೆಚ್ಚಾಗಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಬಹುದು. 3 ಕಿಲೋಗ್ರಾಂ ತೂಕದ ಮಗುವಿಗೆ ಒಂದು ಉಸಿರಿಗೆ ಬೇಕಾದ ಗಾಳಿ ಸುಮಾರು 12ರಿಂದ 18 ಮಿಲಿಲೀಟರ್, ಎಂದರೆ ಮೂರು ನಾಲ್ಕು ಚಹಾ ಚಮಚದಷ್ಟು. ಇದಕ್ಕಿಂತ ಹೆಚ್ಚು ದೂಡಿದರೆ ಎಳೆಯ ಗಾಳಿಚೀಲಗಳು ಹಿಗ್ಗಿ ಘಾಸಿಗೊಳ್ಳುತ್ತವೆ. ಕೆಲವೊಮ್ಮೆ ಒಡೆದು ಗಾಳಿ ಎದೆಗೂಡಿನಲ್ಲಿ ಸೇರುತ್ತದೆ. ವಾರಗಟ್ಟಲೆ ಯಂತ್ರ ಮತ್ತು ಆಮ್ಲಜನಕದ ಆಸರೆಯಲ್ಲಿದ್ದ ಹಸುಳೆಗಳ ಶ್ವಾಸಕೋಶಗಳು ದೀರ್ಘಕಾಲ ದುರ್ಬಲವಾಗಿ ಉಳಿಯುವುದೂ ಉಂಟು. ನಳಿಕೆಯ ಮೈಯಲ್ಲಿ ರೋಗಾಣುಗಳು ನೆಲೆಸಿ ನ್ಯುಮೋನಿಯಾ ಬರುವ ಅಪಾಯ ದಿನಗಳು ಕಳೆದಂತೆ ಹೆಚ್ಚುತ್ತದೆ. ಕೈ ತೊಳೆಯದೆ ಮಗುವನ್ನು ಮುಟ್ಟಬಾರದೆಂಬ ನಿಯಮವನ್ನು ಆಸ್ಪತ್ರೆಯವರು ಕಟ್ಟುನಿಟ್ಟಾಗಿ ಪಾಲಿಸುವುದು, ಪಾಲಿಸುವಂತೆ ಹೇಳುವುದು ಇದೇ ಕಾರಣದಿಂದ.

ಕೈ ತೊಳೆದ ತಾಯಿ ಮಗುವನ್ನು ಮುಟ್ಟಬಹುದು, ಮಾತನಾಡಿಸಬಹುದು. ಎದೆಹಾಲನ್ನು ಹಿಂಡಿ ಕೊಟ್ಟರೆ ಹೊಟ್ಟೆಗೆ ಹಾಕಿರುವ ಬೇರೊಂದು ನಳಿಕೆಯ ಮೂಲಕ ಅದನ್ನು ಉಣಿಸುತ್ತಾರೆ. ಮಗು ಯಂತ್ರದಲ್ಲಿದೆ, ಇನ್ನು ಹಾಲೇಕೆ ಎಂದು ಹಿಂಡುವುದನ್ನು ನಿಲ್ಲಿಸಿದರೆ ಹಾಲು ಬತ್ತುತ್ತದೆ. ಮಗು ಚೇತರಿಸಿಕೊಂಡು ಬಂದಾಗ ತೊಂದರೆಯಾಗುತ್ತದೆ.

ಒಂದು ಸೆಂಟಿಮೀಟರಿನ ಅಂತರ

ನಳಿಕೆಯ ತುದಿ ಶ್ವಾಸನಾಳದ ನಡುಭಾಗದಲ್ಲಿ ಇರಬೇಕು. ಮಗುವಿನ ತೂಕವನ್ನು ಕಿಲೋಗ್ರಾಮಿನಲ್ಲಿ ತೆಗೆದುಕೊಂಡು ಅದಕ್ಕೆ 6 ಕೂಡಿಸಿದರೆ ತುಟಿಯ ಬಳಿ ಕಾಣಬೇಕಾದ ಸೆಂಟಿಮೀಟರ್ ಗುರುತು ಸಿಗುತ್ತದೆಂಬುದು ಪ್ರಚಲಿತ ಲೆಕ್ಕ. 3 ಕಿಲೋಗ್ರಾಂ ಮಗುವಿಗೆ 9. ಒಂದು ಸೆಂಟಿಮೀಟರ್ ಆಳಕ್ಕೆ ಹೋದರೆ ತುದಿ ಬಲ ಶ್ವಾಸಕೋಶದ ಕವಲಿಗೆ ಜಾರುತ್ತದೆ, ಎಡ ಶ್ವಾಸಕೋಶಕ್ಕೆ ಗಾಳಿ ತಲುಪದೆ ಅದು ಕುಸಿಯುತ್ತದೆ. ಒಂದು ಸೆಂಟಿಮೀಟರ್ ಮೇಲಕ್ಕೆ ಬಂದರೆ ನಳಿಕೆ ಕಳಚಿಬೀಳಬಹುದು. ಮಗು ತಲೆ ಬಾಗಿಸಿದರೆ ತುದಿ ಕೆಳಗಿಳಿಯುತ್ತದೆ, ತಲೆ ಎತ್ತಿದರೆ ಮೇಲೇರುತ್ತದೆ. ಕೆನ್ನೆಯ ಮೇಲಿನ ಅಂಟುಪಟ್ಟಿ ಜೊಲ್ಲಿನಿಂದ ನೆನೆದು ಸಡಿಲವಾದರೂ ಸಾಕು. ನಳಿಕೆ ತಪ್ಪಿ ಅನ್ನನಾಳಕ್ಕೆ ಹೋಗಿದ್ದರೆ ಗಾಳಿಯೆಲ್ಲ ಹೊಟ್ಟೆ ಸೇರುತ್ತದೆ. ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದರೆ ನೇರಳೆಯಿಂದ ಹಳದಿಗೆ ತಿರುಗುವ ಪುಟ್ಟ ಸಾಧನವೊಂದು ಇದನ್ನು ಕೂಡಲೇ ಪತ್ತೆಹಚ್ಚುತ್ತದೆ. ಆದರೂ ಹೃದಯಬಡಿತ ಚುರುಕಾಗುವುದಕ್ಕಿಂತ ಉತ್ತಮ ಸಾಕ್ಷ್ಯ ಬೇರಿಲ್ಲ.

ಈ ಒಂದು ಸೆಂಟಿಮೀಟರಿನ ಪ್ರಾಮುಖ್ಯ ತಿಳಿಯುವುದು ಮಗುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ. ವಿಜಯವಾಡದ ವಿಮಾನ ನಿಲ್ದಾಣವಿರುವ ಗನ್ನವರಂ ಪಟ್ಟಣ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಹೆದ್ದಾರಿಯ ಮೇಲೇ ಇದೆ. ಸಮೀಪದ ಚಿನ್ನ ಆವುಟಪಲ್ಲಿಯಲ್ಲಿ ವೈದ್ಯಕೀಯ ಕಾಲೇಜೂ ಇದೆ. ಅಂಥ ಊರಿನಿಂದ ನಗರಕ್ಕೆ ಪಯಣ ಅರ್ಧ ಗಂಟೆಯದು. ಅದೇ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಸುಮಾರು 350 ಕಿಲೋಮೀಟರ್. ನಮ್ಮಲ್ಲಿಯೂ ಬೀದರ್, ರಾಯಚೂರುಗಳಿಂದ ಬೆಂಗಳೂರಿಗೆ ಇಂಥದೇ ಅಥವಾ ಇನ್ನೂ ದೀರ್ಘವಾದ ಹಾದಿ. ಹಾದಿಯುದ್ದಕ್ಕೂ ಪ್ರತಿ ಕುಲುಕಾಟವೂ ನಳಿಕೆಗೆ ಪರೀಕ್ಷೆಯೇ. ಆದ್ದರಿಂದ ನಳಿಕೆಯಿರುವ ಹಸುಳೆಯನ್ನು ತರಬೇತಿ ಹೊಂದಿದವರ ಜೊತೆಯಿಲ್ಲದೆ, ಖಾಸಗಿ ಕಾರಿನಲ್ಲೋ ಬಾಡಿಗೆ ಜೀಪಿನಲ್ಲೋ ಕರೆದೊಯ್ಯಲೇಬಾರದು. ಆಂಧ್ರಪ್ರದೇಶದಲ್ಲಿ 2005ರಲ್ಲೂ ಕರ್ನಾಟಕದಲ್ಲಿ 2008ರಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲೂ ಆರಂಭವಾದ 108 ಆಂಬುಲೆನ್ಸ್ ಸೇವೆ ಉಚಿತವಾದುದು. 2011ರಲ್ಲಿ ಪ್ರಾರಂಭಿಸಲಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿನ ಚಿಕಿತ್ಸೆ, ಔಷಧ ಮತ್ತು ಸಾಗಾಣಿಕೆಗಳಿಗೆ ಹಣ ಕೊಡಬೇಕಾಗಿಲ್ಲ. ಈ ಸೌಲಭ್ಯವನ್ನು ಆಮೇಲೆ ಒಂದು ವರ್ಷದವರೆಗಿನ ಶಿಶುಗಳಿಗೂ ವಿಸ್ತರಿಸಲಾಯಿತು. ಹೆರಿಗೆಯ ತೊಡಕನ್ನು ಮೊದಲೇ ಗುರುತಿಸಿ ಗರ್ಭಿಣಿಯನ್ನೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದರೆ ಎಲ್ಲಕ್ಕಿಂತ ಮೇಲು. ಹಸುಳೆಗೆ ತಾಯಿಯ ಗರ್ಭಕ್ಕಿಂತ ಉತ್ತಮವಾದ ಆಂಬುಲೆನ್ಸ್ ಇನ್ನೂ ತಯಾರಾಗಿಲ್ಲ.

ನಳಿಕೆಯನ್ನು ತಪ್ಪಿಸುವ ಪ್ರಯತ್ನಗಳು

ನಳಿಕೆಯ ಪರಿಣಾಮಗಳನ್ನು ಅರಿತಂತೆಲ್ಲ ವೈದ್ಯರು ಅದನ್ನು ಬಳಸುವುದರಲ್ಲಿ ಮಿತವ್ಯಯಿಗಳಾಗಿದ್ದಾರೆ. ಹಿಂದೆ ಗರ್ಭದಲ್ಲೇ ಮಲ ವಿಸರ್ಜಿಸಿ, ಮಂಕಾಗಿ ಹುಟ್ಟಿದ ಮಗುವಿಗೆ ಕಡ್ಡಾಯವೆಂಬಂತೆ ನಳಿಕೆ ಹಾಕಿ ಶ್ವಾಸನಾಳವನ್ನು ಹೀರಿ ಶುಚಿಗೊಳಿಸುತ್ತಿದ್ದರು. ಹೀರಿದ್ದರಿಂದ ವಿಶೇಷ ಲಾಭವಿಲ್ಲವೆಂದು ಪುದುಚೇರಿಯ ಜಿಪ್ಮರ್ ಸಂಸ್ಥೆಯ ವೈದ್ಯರು ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ದೆಹಲಿಯ ವೈದ್ಯರ ಅಧ್ಯಯನವೂ ಅದೇ ದಿಕ್ಕಿನಲ್ಲಿತ್ತು. ಅದೇ ವರ್ಷ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಈ ಕಡ್ಡಾಯವನ್ನು ಕೈಬಿಟ್ಟಿತು. ಜಗತ್ತಿನ ಹೆರಿಗೆ ಕೋಣೆಗಳ ರೂಢಿಯೊಂದು ಬದಲಾಗುವಲ್ಲಿ ಭಾರತದ ಪ್ರಯೋಗಗಳು ಎಣಿಕೆಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಉಸಿರಾಟದ ತೊಂದರೆಯಿರುವ ಹಲವು ಶಿಶುಗಳಿಗೆ ಈಗ ಮೂಗಿಗೆ ಚಿಕ್ಕ ಕೊಳವೆಗಳನ್ನು ಜೋಡಿಸಿ ನಿರಂತರ ಒತ್ತಡದ ಗಾಳಿ ಕೊಡುತ್ತಾರೆ. ಸರ್ಫ್ಯಾಕ್ಟಂಟ್ ಬೇಕಾದರೆ ನಳಿಕೆಯ ಬದಲು ಅದಕ್ಕಿಂತ ಎಷ್ಟೋ ತೆಳುವಾದ ಕೊಳವೆಯಿಂದ ಹನಿಸಿ ಕೂಡಲೇ ಹೊರತೆಗೆಯುವ ವಿಧಾನವೂ ಇದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಕಂಡ ಗರ್ಭಿಣಿಗೆ 24ರಿಂದ 34 ವಾರಗಳ ನಡುವೆ ಡೆಕ್ಸಮೆಥಾಸೋನ್ ಚುಚ್ಚುಮದ್ದು ನೀಡಿದರೆ ಗರ್ಭಸ್ಥ ಶಿಶುವಿನ ಶ್ವಾಸಕೋಶಗಳು ಬೇಗ ಬಲಿಯುತ್ತವೆ. ಇದರ ಬೆಲೆ ಅತ್ಯಲ್ಪ. ಹಿರಿಯ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಸೂಜಿಯನ್ನು ಎಎನ್ಎಂ ಕಾರ್ಯಕರ್ತೆಯರೇ ಕೊಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಅನುಮತಿಸಿತು.

ಮನೆಯಲ್ಲೇ ತಪ್ಪಿಸಬಹುದಾದ ಅಪಾಯವೊಂದನ್ನು ಇಲ್ಲಿ ಹೇಳಲೇಬೇಕು. ಎಳೆಗೂಸಿನ ಮೂಗಿಗೆ ಎಣ್ಣೆ ಬಿಡುವುದು, ಮಲಗಿಸಿಕೊಂಡು ಮೂಗು ಹಿಡಿದು ಒಳಲೆಯಲ್ಲಿ ಹರಳೆಣ್ಣೆ, ತುಪ್ಪ ಅಥವಾ ಹಾಲನ್ನು ಬಲವಂತವಾಗಿ ಹುಯ್ಯುವುದು ಹಲವು ಮನೆಗಳಲ್ಲಿ ರೂಢಿಯಲ್ಲಿದೆ. ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಕೆಮ್ಮು ಕೂಡ ಬಾರದೆ ಶ್ವಾಸಕೋಶವನ್ನು ಸೇರಬಲ್ಲದು. ಅಲ್ಲಿ ಉಂಟುಮಾಡುವ ನ್ಯುಮೋನಿಯಾ ಮಾಮೂಲಿ ಔಷಧಗಳಿಗೆ ಬಗ್ಗುವುದಿಲ್ಲ. ಹಿರಿಯರ ಪ್ರೀತಿಯ ಬಗ್ಗೆ ಸಂದೇಹವಿಲ್ಲ. ಆದರೆ ಒಳಲೆಯನ್ನು ಬಳಸುವುದೇ ಆದರೆ ಮಗುವಿನ ತಲೆಯನ್ನು ಎತ್ತಿ ಹಿಡಿದು, ಅದು ನುಂಗಿದ ಬಳಿಕವೇ ಮುಂದಿನ ಗುಟುಕು ಕೊಡಬೇಕು, ಅದೂ ತಾಯಿಯ ಹಾಲನ್ನು ಮಾತ್ರ.

ನಳಿಕೆ ತೆಗೆದ ಮೇಲೆ

ಮಗು ತಾನಾಗಿ ಉಸಿರಾಡಬಲ್ಲದೆಂದು ಖಚಿತವಾದಾಗ ಯಂತ್ರದ ನೆರವನ್ನು ಹಂತಹಂತವಾಗಿ ಇಳಿಸಿ ನಳಿಕೆಯನ್ನು ಹೊರತೆಗೆಯುತ್ತಾರೆ. ಕೆಲವು ಮಕ್ಕಳಿಗೆ ಅದನ್ನು ಮರಳಿ ಹಾಕಬೇಕಾಗುವುದೂ ಉಂಟು. ಇದು ಚಿಕಿತ್ಸೆಯ ಸೋಲಲ್ಲ. ತೆಗೆದ ಮೇಲೆ ಮೊದಲ ಅಳು ಒಡಕು ದನಿಯದಾಗಿರುತ್ತದೆ. ಧ್ವನಿತಂತುಗಳ ಊತ ಇಳಿದಂತೆ ಕೆಲವು ದಿನಗಳಲ್ಲಿ ದನಿ ತಿಳಿಯಾಗುತ್ತದೆ. ಬಾಯಿಯ ಸುತ್ತ ನಳಿಕೆಯ ಅನುಭವವನ್ನಷ್ಟೇ ಕಂಡ ಮಗು ಮೊಲೆಯನ್ನು ಚೀಪಲು ಹಿಂಜರಿಯಬಹುದು. ತಾಳ್ಮೆಯಿಂದ ಮತ್ತೆ ಮತ್ತೆ ಎದೆಗೊಡ್ಡಿದರೆ ಕಲಿತುಕೊಳ್ಳುತ್ತದೆ.

ಧ್ವನಿಪೆಟ್ಟಿಗೆಯ ಕೆಳಗೆ ಉಂಗುರದಂಥ ಮೃದ್ವಸ್ಥಿಯೊಂದಿದೆ. ಹಸುಳೆಯ ಉಸಿರಿನ ಹಾದಿಯಲ್ಲಿ ಅತಿ ಕಿರಿದಾದ ಜಾಗ ಇದೇ ಎಂದು ಬಹುಕಾಲ ಬೋಧಿಸಲಾಗುತ್ತಿತ್ತು. ಧ್ವನಿತಂತುಗಳ ನಡುವಣ ಸೀಳು ಅದಕ್ಕಿಂತ ಕಿರಿದೆಂದು ಈಚಿನ ಅಳತೆಗಳು ಸೂಚಿಸಿವೆ. ಆದರೆ ಆ ಸೀಳು ಹಿಗ್ಗಬಲ್ಲದು, ಉಂಗುರ ಹಿಗ್ಗದು. ದಪ್ಪ ನಳಿಕೆ ಅಲ್ಲಿ ಒತ್ತಿ ನಿಂತರೆ ಒಳಪದರಕ್ಕೆ ರಕ್ತ ಹರಿಯದೆ ಹುಣ್ಣಾಗಿ, ಮಾಯುವಾಗ ಗಾಯದ ಕಲೆ ನಾಳವನ್ನು ಬಿಗಿಯುತ್ತದೆ. ಇದು ವಿರಳವಾದರೂ ಗಂಭೀರವಾದ ತೊಡಕು. ಮನೆಗೆ ಹೋದ ವಾರಗಳ ನಂತರವೂ ಮಗು ಉಸಿರೆಳೆಯುವಾಗ ಕೀರಲು ಸದ್ದು ಬಂದರೆ, ಪಕ್ಕೆಲುಬುಗಳ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯುವಾಗ ನೀಲಿಗಟ್ಟಿದರೆ ಅದನ್ನು ಶೀತವೆಂದು ತಿಳಿದು ಕಾಯದೆ, ಮಗುವಿಗೆ ನಳಿಕೆ ಹಾಕಲಾಗಿತ್ತೆಂಬುದನ್ನು ತಿಳಿಸಿ ವೈದ್ಯರಿಗೆ ತೋರಿಸಬೇಕು. ಬಿಡುಗಡೆ ಪತ್ರದಲ್ಲಿ ನಳಿಕೆಯ ಅಳತೆ ಮತ್ತು ಇದ್ದ ದಿನಗಳ ಸಂಖ್ಯೆ ಬರೆದಿರುತ್ತಾರೆ. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಅವಶ್ಯ.

ಆಮ್ಲಜನಕ ಪಡೆದ ಅವಧಿಪೂರ್ವ ಶಿಶುಗಳ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ದೃಷ್ಟಿ ನಾಶವಾಗುವ ಭಯವಿದೆ. ಹೊರನೋಟಕ್ಕೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. 34 ವಾರಗಳಿಗೆ ಮುನ್ನ ಹುಟ್ಟಿದ ಅಥವಾ ಹುಟ್ಟಿದಾಗ 2 ಕಿಲೋಗ್ರಾಮಿಗಿಂತ ಕಡಿಮೆ ತೂಗಿದ ಮಗುವಿನ ಕಣ್ಣುಗಳನ್ನು 30 ದಿನಗಳೊಳಗೆ, 28 ವಾರಗಳಿಗೂ ಮುನ್ನ ಹುಟ್ಟಿದ್ದರೆ ಎರಡು ಮೂರು ವಾರಗಳಲ್ಲೇ ಪರೀಕ್ಷಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರು ಸಾಗಿಸಬಲ್ಲ ಕ್ಯಾಮೆರಾದೊಂದಿಗೆ ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಹಸುಳೆಗಳ ಕಣ್ಣಿನ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅವನ್ನು ನೋಡಿ ಲೇಸರ್ ಚಿಕಿತ್ಸೆ ಬೇಕೇ ಎಂಬುದನ್ನು ತಿಳಿಸುತ್ತಾರೆ. ಈ ಪರೀಕ್ಷೆಯ ದಿನಾಂಕವನ್ನು, ಕಿವಿಯ ಪರೀಕ್ಷೆಯ ದಿನಾಂಕದೊಡನೆ, ತಾಯಿ ಕಾರ್ಡಿನಲ್ಲಿ ಬರೆಸಿಕೊಂಡ ಬಳಿಕವೇ ಮಗುವನ್ನು ಮನೆಗೆ ಕರೆದೊಯ್ಯಬೇಕು.